ಮನೆ ಹಿಂದಿನ ಪದವು (ನಮ್ಮ ಕರಾವಳಿಯ ಚಪ್ಪಟೆ ಕಲ್ಲುಗುಡ್ಡ) ಬರೀ ಕಲ್ಲು. ಊರವರು ಸೇರಿ ಗಿಡ ನೆಟ್ಟರೆ ಒಳ್ಳೆಯದಲ್ವಾ?

ಮಣಿಪಾಲದ ಹತ್ತಿರ ಮನೆ ಮಾಡಿದ್ದೀರಿ, ಪಾಳುಬಿದ್ದ ಪದವನ್ನು ಹಸಿರು ಮಾಡಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಒಂದು ಮಳೆಗಾಲ ಕಾಯಿರಿ. ಈಗಲೇ ನೆಡಬೇಡಿ.

ನಾನು ಬೆಳೆದದ್ದು ಇಂಥದ್ದೇ ಪದವಿನ ಬುಡದಲ್ಲಿ. ಮಾರ್ಚ್‌ನಲ್ಲಿ ನೋಡಿದರೆ ಒಣಗಿದ ಮುಳಿಹುಲ್ಲು, ಕಾದ ಮುರಕಲ್ಲು (ಲ್ಯಾಟರೈಟ್), ಅಷ್ಟೇ. ಸರಕಾರದ ಲೆಕ್ಕದಲ್ಲೂ ಇಂಥ ಜಾಗ ಪಾಳುಭೂಮಿ. ಆದರೆ ಜೂನ್‌ನಲ್ಲಿ ನಾಲ್ಕು ಜಡಿಮಳೆ ಬಿದ್ದರೆ ಅದೇ ಕಲ್ಲಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತು) ಕಳೆಯುವಷ್ಟರಲ್ಲಿ ಅಲ್ಲಲ್ಲಿ ನೇರಳೆ ಹೂ. ಅದು ಯುಟ್ರಿಕ್ಯುಲೇರಿಯಾ ಎಂಬ ಕೀಟಭಕ್ಷಕ ಗಿಡ. ಮಣ್ಣಿನಲ್ಲಿ ಸಾರವಿಲ್ಲ ನೋಡಿ, ಅದಕ್ಕೇ ನೆಲದಡಿಯ ಪುಟ್ಟ ಚೀಲಗಳಲ್ಲಿ ಸಣ್ಣ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ.

ಇನ್ನೊಂದು ವಿಷಯ. 2016ರಲ್ಲಿ ನಿಮ್ಮ ಮಣಿಪಾಲದ ಆಸುಪಾಸಿನಿಂದಲೇ ಒಂದು ಹೊಸ ಕಪ್ಪೆ ಲೋಕಕ್ಕೆ ಗೊತ್ತಾಯಿತು. ಮುರಕಲ್ಲಿನದೇ ಹೆಸರು ಅದಕ್ಕೆ: ಮೈಕ್ರೋಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರ್. ಕೂಗು ಕೇಳಿದರೆ ಯಾವುದೋ ಹುಳ ಅಂದುಕೊಳ್ಳಬೇಕು, ಹಾಗಿದೆ. ‘ಮೈ ಲ್ಯಾಟರೈಟ್, ಮೈ ಹ್ಯಾಬಿಟ್ಯಾಟ್’ ಎಂಬ ಕಾರ್ಯಕ್ರಮದಲ್ಲಿ ಸಾಮಾನ್ಯ ಜನರೂ ಸೇರಿ ಪದವು ಸುತ್ತಿದ್ದರಿಂದ ಸಿಕ್ಕಿದ್ದು ಅದು. ಆಮೇಲೆ ವಿಜ್ಞಾನಿಗಳು ಮೈಕಟ್ಟು, ಕೂಗು, ಡಿಎನ್‌ಎ ಎಲ್ಲ ಹೋಲಿಸಿ ಹೊಸ ಪ್ರಭೇದವೆಂದು ಖಚಿತಪಡಿಸಿದರು.

ಅಲ್ಲಿ ಅಕೇಶಿಯಾ ನೆಟ್ಟರೆ ನೆರಳು ಬೀಳುತ್ತದೆ, ತರಗೆಲೆ ಗುಂಡಿ ತುಂಬುತ್ತದೆ. ಬಿಸಿಲು ಬೇಕಾದ ಆ ಹೂಗಳಿಗೆ ಜಾಗವೇ ಇಲ್ಲ. ನಮ್ಮ ಪದವಿನ ಒಂದು ಬದಿ ಹಾಗೆ ಹೋಯಿತು, ಇನ್ನೊಂದು ಬದಿ ಕಲ್ಲುಕೋರೆಗೆ. ಕೆಳಗಿನ ಮದಕಕ್ಕೂ (ಮಳೆನೀರು ನಿಲ್ಲುವ ಕೆರೆ) ಮಣ್ಣು ಹಾಕಿದರು. ಈಗ ನಮ್ಮ ಬಾವಿ ಎಪ್ರಿಲ್‌ಗೇ ತಳ ಕಾಣುತ್ತದೆ. ಅಮ್ಮ ಕೊಡಪಾನ ಹಿಡಿದು ನಿಂತಾಗೆಲ್ಲ ನನಗೆ ಸಂಕಟವಾಗುತ್ತದೆ.

ಮಳೆ ಶುರುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಸಂಜೆ ಟಾರ್ಚ್ ಹಿಡಿದು ಹೋಗಿ. ಕಪ್ಪೆಗಳ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಐನ್ಯಾಚುರಲಿಸ್ಟ್‌ಗೆ (ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ) ಹಾಕಿ. ಯಾವ ಗುಂಡಿಯಲ್ಲಿ ಎಷ್ಟು ದಿನ ನೀರಿತ್ತು ಅಂತ ಬರೆದಿಡಿ. ಅಲ್ಲಿ ದನ ಮೇಯಿಸಿದ ಹಿರಿಯರು ಯಾರಾದರೂ ಇದ್ದರೆ ಮೊದಲು ಅವರನ್ನು ಕೇಳಿ, ನಮಗಿಂತ ಜಾಸ್ತಿ ಗೊತ್ತಿರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತ್ ಇರಲಿ, ನಗರಸಭೆ ಇರಲಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಸಂಪತ್ತನ್ನು ಜನರಿಂದ ಕೇಳಿ ದಾಖಲಿಸುವುದು ಅದರ ಕೆಲಸ. ನಿಮ್ಮ ಪಟ್ಟಿಯನ್ನು ಅಲ್ಲಿಗೆ ಕೊಡಿ. ನಾಳೆ ಯಾರಾದರೂ ‘ಸುಮ್ನೆ ಬಿದ್ದ ಜಾಗ’ ಎಂದರೆ ತೋರಿಸಲು ಏನಾದರೂ ಇರುತ್ತದೆ.

ಗಿಡ ನೆಡುವ ಆಸೆ ಬಿಡಬೇಡಿ. ಹಿತ್ತಲಿನಲ್ಲಿ ಪುನರ್ಪುಳಿ (ಕೋಕಂ) ಹಾಕಿ.