ಪ್ಯಾಟರ್ನ್ ನೋಡದೆ ಸ್ವೆಟರ್ ಹೆಣೆಯುವ ಧೈರ್ಯ ಬರುವುದು ಹೇಗೆ?

ಪ್ಯಾಟರ್ನ್ (ಹೇಗೆ ಹೆಣೆಯಬೇಕೆಂದು ಬರೆದ ಸೂಚನೆ) ಮುಂದಿದ್ದರೆ ಸರಾಗವಾಗಿ ಹೆಣೆಯುತ್ತೀರಿ, ಇಲ್ಲದಿದ್ದರೆ ಕೈ ಓಡಲ್ಲ, ಅಲ್ವಾ? ಹಾಗಿದ್ದರೆ ಮೊದಲು ಕಡ್ಡಿಯ ಮೇಲಿರುವುದನ್ನು ಓದಲು ಕಲಿಯಿರಿ. ನಿಟ್ (ಸೀದಾ ಕುಣಿಕೆ) ಹಾಕಿದ ಕಡೆ ಪುಟ್ಟ 'ವಿ' ಆಕಾರ ಕಾಣುತ್ತದೆ. ಪರ್ಲ್ (ಉಲ್ಟಾ ಕುಣಿಕೆ) ಹಾಕಿದ ಕಡೆ ಅಡ್ಡಡ್ಡ ಉಬ್ಬು. ಇದು ಕಣ್ಣಿಗೆ ಪಳಗಿದರೆ ಎಲ್ಲಿದ್ದೇನೆ ಅಂತ ಕಾಗದ ನೋಡುವ ರಗಳೆ ಇರುವುದಿಲ್ಲ.

ಆಮೇಲೆ ಒಂದು ಸಣ್ಣ ತುಂಡು ಹೆಣೆದು, ಬೇಕಂತಲೇ ಒಂದು ಕುಣಿಕೆ ಜಾರಿಸಿ. ನಾಲ್ಕೈದು ಸಾಲು ಕೆಳಗೆ ಬಿಚ್ಚಿಕೊಳ್ಳಲಿ. ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ. ಕ್ರೋಷಾ ಕಡ್ಡಿಯಿಂದ ಕೆಳಗಿನ ಎಳೆಯಿಂದ ಶುರು ಮಾಡಿ, ಒಂದೊಂದನ್ನೇ ಕುಣಿಕೆಯೊಳಗಿಂದ ಎಳೆದು ಮೇಲೆ ತನ್ನಿ. ಬಿಚ್ಚಿದ್ದನ್ನು ಸರಿ ಮಾಡಲು ಬಂದರೆ ಅರ್ಧ ಭಯ ಅಲ್ಲೇ ಹೋಯ್ತು.

ಇನ್ನು ಲೆಕ್ಕ. ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ನಡುಭಾಗದಲ್ಲಿ ಅಳೆಯಿರಿ. (ಒಗೆಯುವುದನ್ನು ತಪ್ಪಿಸಬೇಡಿ, ನೀರು ಬಿದ್ದ ಮೇಲೆ ಅಳತೆ ಬದಲಾಗಬಹುದು.) 10 ಸೆಂ.ಮೀ.ಗೆ 20 ಕುಣಿಕೆ ಬಂದರೆ, 100 ಸೆಂ.ಮೀ. ಸುತ್ತಳತೆಯ ಸ್ವೆಟರ್‌ಗೆ 200 ಬೇಕು. ಮಿಕ್ಕಿದ್ದಕ್ಕೆ ಹೆಣಿಗೆಯ ಪುಸ್ತಕಗಳನ್ನು ಬರೆದ ಎಲಿಜಬೆತ್ ಝಿಮ್ಮರ್‌ಮನ್ ಅವರ ಶೇಕಡಾವಾರು ಲೆಕ್ಕ ನನಗಿಷ್ಟ: ಈ 200ರಲ್ಲಿ ಮಣಿಕಟ್ಟಿಗೆ ಶೇ. 20, ತೋಳಿನ ಮೇಲ್ಭಾಗಕ್ಕೆ ಶೇ. 33ರ ಆಸುಪಾಸು, ಕುತ್ತಿಗೆಗೆ ಶೇ. 40. ಅಂದರೆ 40, 66, 80 ಕುಣಿಕೆ. ತೋಳು ದಪ್ಪವಿದ್ದರೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ನೇರವಾಗಿ ಸ್ವೆಟರ್‌ಗೆ ಕೈ ಹಾಕಲು ಅಳುಕಿದ್ದರೆ ಟೋಪಿಯಿಂದ ಶುರು ಮಾಡಿ. ಗುಣಾಕಾರ ಅದೇ, ನೂಲು ಕಡಿಮೆ.