ಹಾಲೋ ನೈಟ್ ಆಟದಲ್ಲಿ ಕಥೆ ಎಲ್ಲಿದೆ?

ನೀವು ಕೇಳಿರುವುದು ಇಷ್ಟು: ಮೂರು ಗಂಟೆ ಹಾಲೋ ನೈಟ್ ಅನ್ನುವ ವಿಡಿಯೋ ಗೇಮ್ ಆಡಿದ್ದೀರಿ, ಕಥೆ ಶುರುವೇ ಆಗಿಲ್ಲ, ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುತ್ತಿಲ್ಲ, ಮ್ಯಾಪೂ ಇಲ್ಲ, ಮುಂದುವರಿಸಬೇಕಾ ಬಿಡಬೇಕಾ.

ದಯವಿಟ್ಟು ಬಿಡಬೇಡಿ. ಕಥೆ ಆಗಲೇ ಶುರುವಾಗಿದೆ, ನೀವು ಅದರೊಳಗೇ ಓಡಾಡುತ್ತಿದ್ದೀರಿ. ಇದರಲ್ಲಿ ಯಾರೋ ಬಂದು ನಿಲ್ಲಿಸಿ ಕಥೆ ಹೇಳುವುದಿಲ್ಲ. ಹಾಲೋನೆಸ್ಟ್ ಅನ್ನುವ ಹುಳುಗಳ ರಾಜ್ಯ ಹಾಳುಬಿದ್ದಿದೆ, ಅದು ಯಾಕೆ ಹಾಗಾಯಿತು ಅನ್ನುವುದನ್ನು ನೀವೇ ನಡೆದು ನೋಡಿ ತಿಳಿಯಬೇಕು.

ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ಮುಂದಿನದು, ಬೇಡ ಅಂದರೆ ಈ ಪ್ಯಾರಾ ಬಿಟ್ಟು ಓದಿ. ಕೆಳಗೆ ಹೋಗುತ್ತಾ ಹೋಗುತ್ತಾ ಸಿಟಿ ಆಫ್ ಟಿಯರ್ಸ್ ಸಿಗುತ್ತದೆ. ನೆಲದಡಿ ಇರುವ ದೊಡ್ಡ ಊರು, ಅಲ್ಲಿ ಮಳೆ ನಿಲ್ಲುವುದೇ ಇಲ್ಲ. ಒಂದು ಕಿಟಕಿ ಪಕ್ಕ ಬೆಂಚಿನ ಮೇಲೆ ಕ್ವಿರಲ್ ಅನ್ನುವ ಅಲೆಮಾರಿ ಕೂತು ಸುಮ್ನೆ ಮಳೆ ನೋಡುತ್ತಿರುತ್ತಾನೆ. ನಾನೂ ಅವನ ಪಕ್ಕ ಕೂತೆ. ಭೂಮಿಯೊಳಗೆ ಮಳೆ ಎಲ್ಲಿಂದ ಬರುತ್ತದೆ ಅಂತ ಆಗ ನಾನು ಯೋಚಿಸಲೂ ಇಲ್ಲ. ಎಷ್ಟೋ ಗಂಟೆ ಆಡಿದ ಮೇಲೆ, ಬೇರೆ ಯಾವುದೋ ದಾರಿ ಹುಡುಕುತ್ತಾ ಹೋದವನು ಬ್ಲೂ ಲೇಕ್ ಅನ್ನುವ ಕೆರೆಯ ದಡಕ್ಕೆ ಬಂದುಬಿಟ್ಟೆ. ಶತ್ರುಗಳಿಲ್ಲ, ಗದ್ದಲ ಇಲ್ಲ, ಬರೀ ನೀರು. ಮ್ಯಾಪ್ ತೆಗೆದು ಈ ಕೆರೆಯ ಕೆಳಗೆ ಏನಿದೆ ಅಂತ ನೋಡಿದೆ. ಅದೇ ಊರು! ಕೆರೆಯ ನೀರೇ ತೊಟ್ಟಿಕ್ಕಿ ಅಲ್ಲಿ ಮಳೆಯಾಗುತ್ತಿದೆ. ಇದನ್ನು ಕಟ್‌ಸೀನ್‌ನಲ್ಲಿ, ಅಂದರೆ ಆಟದ ನಡುವೆ ಬರುವ ವಿಡಿಯೋದಲ್ಲಿ, ತೋರಿಸಿದ್ದರೆ ಮರುದಿನವೇ ಮರೆತಿರುತ್ತಿದ್ದೆ. ನಾನೇ ಕಂಡುಕೊಂಡಿದ್ದಕ್ಕೆ ಮೈ ಜುಮ್ ಅಂದಿತ್ತು.

ಮ್ಯಾಪ್ ಇಲ್ಲ ಅಂದಿರಲ್ಲ, ಅದೂ ಬೇಕಂತಲೇ ಹಾಗೆ ಮಾಡಿರುವುದು. ಹೊಸ ಜಾಗಕ್ಕೆ ಹೋದಾಗ ಸೌಂಡ್ ಜಾಸ್ತಿ ಇಟ್ಟುಕೊಳ್ಳಿ, ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಯಾರೋ ಹಾಡು ಗುನುಗುವುದು ಕೇಳಿಸುತ್ತದೆ, ನೆಲದ ಮೇಲೆ ಕಾಗದದ ಹಾಳೆಗಳು ಬಿದ್ದಿರುತ್ತವೆ, ಅವುಗಳ ಹಿಂದೆ ಹೋದರೆ ಮ್ಯಾಪ್ ಬರೆಯುವ ಕಾರ್ನಿಫರ್ ಸಿಗುತ್ತಾನೆ. ಅವನು ಮಾರುವ ಮ್ಯಾಪ್ ಅರ್ಧಂಬರ್ಧ ಇರುತ್ತದೆ. ಉಳಿದದ್ದನ್ನು ನೀವು ತುಂಬಿಸಬೇಕು, ಅದಕ್ಕೆ ಮೇಲಿರುವ ಡರ್ಟ್‌ಮೌತ್ ಊರಿನಲ್ಲಿ ಅವನ ಹೆಂಡತಿ ಇಸೆಲ್ಡಾ ಅಂಗಡಿಯಿಂದ ಕ್ವಿಲ್, ಅಂದರೆ ಗರಿಯ ಲೇಖನಿ, ಕೊಂಡುಕೊಳ್ಳಿ, ನೀವು ಎಲ್ಲಿದ್ದೀರಿ ಅಂತ ಮ್ಯಾಪಿನಲ್ಲಿ ತೋರಿಸುವ ದಿಕ್ಸೂಚಿಯ ಚಾರ್ಮ್ (ತೊಟ್ಟುಕೊಳ್ಳುವ ತಾಯಿತದಂಥದ್ದು) ಕೂಡ ಅಲ್ಲೇ ಸಿಗುತ್ತದೆ. ಬೆಂಚಿನ ಮೇಲೆ ಕೂತಾಗ ಮಾತ್ರ ನೋಡಿದ ಜಾಗ ಮ್ಯಾಪಿಗೆ ಸೇರುತ್ತದೆ. ಹಾಗಾಗಿ ಬೆಂಚ್ ಕಂಡಾಗ ಒಂದು ಸಮಾಧಾನ ಆಗುತ್ತಲ್ವಾ, ಅದು ಬರೀ ಗೇಮ್ ಸೇವ್ ಆಯಿತು ಅನ್ನುವ ಸಮಾಧಾನ ಅಲ್ಲ.

ಇನ್ನೊಂದು ಮಾತು. ಇದನ್ನು ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡ, 2017ರಲ್ಲಿ ಬಂತು. ಚಿತ್ರಗಳೆಲ್ಲ ಕೈಯಲ್ಲಿ ಬಿಡಿಸಿದ್ದು. ಅದಕ್ಕೇ ಹೇಳುತ್ತೇನೆ, ಓಡಬೇಡಿ, ಹಿಂದಿರುವ ಗೋಡೆ ನೋಡಿ, ಬಿದ್ದಿರುವ ಚಿಪ್ಪುಗಳನ್ನು ನೋಡಿ, ಪ್ರತಿಮೆ ಯಾರದು ಅಂತ ನೋಡಿ. ನಿಮ್ಮನ್ನು ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೊತ್ತುಕೊಂಡು ಹೋಗುವ ಸ್ಟ್ಯಾಗ್ ಅನ್ನುವ ಮುದಿ ಜೀರುಂಡೆ ಇದ್ದಾನಲ್ಲ, ಒಂದೊಂದು ಹೊಸ ಸ್ಟೇಷನ್ ತೆರೆದ ಹಾಗೆ ಅವನಿಗೆ ಹಳೆಯ ನೆನಪು ಒಂದೊಂದಾಗಿ ಬರುತ್ತದೆ. ಅವನ ಮಾತನ್ನು ಸ್ಕಿಪ್ ಮಾಡಬೇಡಿ. ಫರ್ಗಾಟನ್ ಕ್ರಾಸ್‌ರೋಡ್ಸ್‌ನಲ್ಲಿ ಮೈಲಾ ಅಂತ ಒಬ್ಬಳು ಹಾಡಿಕೊಂಡು ಬಂಡೆ ಕುಟ್ಟುತ್ತಿರುತ್ತಾಳೆ. ಅವಳನ್ನೂ ಆಗಾಗ ಹೋಗಿ ಮಾತನಾಡಿಸಿ. ಯಾಕೆ ಅಂತ ನಾನು ಹೇಳುವುದಿಲ್ಲ. ನನಗೆ ಈ ಆಟದಲ್ಲಿ ಅತಿ ಹೆಚ್ಚು ನೋವು ಕೊಟ್ಟಿದ್ದು ಯಾವ ಬಾಸೂ, ಅಂದರೆ ಯಾವ ದೊಡ್ಡ ಶತ್ರುವೂ ಅಲ್ಲ, ಅವಳು.

ಸತ್ತರೆ ನಿಮ್ಮ ಜಿಯೋ, ಅಂದರೆ ಆಟದ ದುಡ್ಡು, ಎಲ್ಲ ಸತ್ತ ಜಾಗದಲ್ಲೇ ನಿಮ್ಮದೇ ನೆರಳಿನ ಹತ್ತಿರ ಉಳಿಯುತ್ತದೆ, ಅದನ್ನು ವಾಪಸ್ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಹೋಯಿತು. ಕೈಯಲ್ಲಿ ಜಾಸ್ತಿ ಇದ್ದಾಗ ಮೊದಲು ಖರ್ಚು ಮಾಡಿ, ಆಮೇಲೆ ಹೊಸ ಜಾಗಕ್ಕೆ ಇಳಿಯಿರಿ.

ಮೂರು ಗಂಟೆ ಅಂದರೆ ನೀವು ಬಹುಶಃ ಗ್ರೀನ್‌ಪಾತ್ ಆಸುಪಾಸಿನಲ್ಲಿ ಇರುತ್ತೀರಿ. ಅಲ್ಲಿ ಹಾರ್ನೆಟ್ ಅನ್ನುವ ಹೋರಾಟಗಾರ್ತಿಯನ್ನು ಸೋಲಿಸಿದರೆ ಡ್ಯಾಶ್ ಮಾಡುವ, ಅಂದರೆ ಸರ್ರನೆ ಮುಂದೆ ನುಗ್ಗುವ, ಮಾತ್‌ವಿಂಗ್ ಕ್ಲೋಕ್ ಸಿಗುತ್ತದೆ. ಆಮೇಲೆ ಫಂಗಲ್ ವೇಸ್ಟ್ಸ್ ಕಡೆ ಇಳಿದು, ಮ್ಯಾಂಟಿಸ್‌ಗಳ ಹಳ್ಳಿಯಲ್ಲಿ ಗೋಡೆ ಹತ್ತುವ ಮ್ಯಾಂಟಿಸ್ ಕ್ಲಾ ತೆಗೆದುಕೊಳ್ಳಿ. ಅಲ್ಲಿಂದ ಮಳೆಯ ಊರು ದೂರ ಇಲ್ಲ.