ತಾಮ್ರದ ತಗಡಿನಲ್ಲಿ ಮುಖ ಕೊರೆಯುವಾಗ ಗೆರೆಯ ನಡೆ

ನಿಮ್ಮ ತಾತನವರ ಭಾವಚಿತ್ರವನ್ನು ತಾಮ್ರದಲ್ಲಿ ಕೊರೆದು ಅಚ್ಚು ತೆಗೆದಾಗ ಕೆನ್ನೆಗೆ ಬಲೆ ಹೊದಿಸಿದಂತೆ ಕಾಣುತ್ತದೆ, ಜರಿಪೇಟ ಮಾತ್ರ ಚಪ್ಪಟೆಯಾಗಿ ಉಳಿಯುತ್ತದೆ ಎಂದು ಬರೆದಿದ್ದೀರಿ. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಚರ್ಮ, ಮೀಸೆ, ಬಟ್ಟೆ ಮೂರಕ್ಕೂ ಒಂದೇ ಓರೆಯ, ಒಂದೇ ದಪ್ಪದ ಗೆರೆ ಹಾಕಿ, ನೆರಳು ಬೇಕಾದಲ್ಲೆಲ್ಲ ಅಡ್ಡಗೆರೆ ಎಳೆದಿದ್ದೀರಿ. ತೊಂದರೆಯ ಮೂಲ ಇದೇ.

ಫ್ರಾನ್ಸಿನ ಕೊರೆತಗಾರ ಕ್ಲೋದ್ ಮೆಲ್ಲಾಂ 1649ರಲ್ಲಿ ಕ್ರಿಸ್ತನ ಮುಖವನ್ನು ಮೂಗಿನ ತುದಿಯಿಂದ ಹೊರಟು ಸುತ್ತುತ್ತ ಸಾಗುವ ಒಂದೇ ಗೆರೆಯಿಂದ ಮೂಡಿಸಿದರು. ಅಡ್ಡಗೆರೆಯ ಹಂಗೇ ಇಲ್ಲದೆ, ಗೆರೆ ದಪ್ಪವಾದಲ್ಲಿ ನೆರಳು, ಸಣ್ಣಗಾದಲ್ಲಿ ಬೆಳಕು ಮೂಡುತ್ತದೆ. ಉಳಿಯನ್ನು ಆಳಕ್ಕೆ ಒತ್ತಿದಷ್ಟೂ ಸೀಳು ಅಗಲವಾಗಿ ಹೆಚ್ಚು ಮಸಿ ಹಿಡಿಯುವುದರಿಂದ ಇದು ಸಾಧ್ಯ. ಬಾಗುಗೆರೆಗೆ ಕೈಯನ್ನು ತಿರುಚಬೇಡಿ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ತಗಡನ್ನೇ ತಿರುಗಿಸಿ. ಸೀಳಿನ ಅಂಚಿನಲ್ಲಿ ಏಳುವ ತಾಮ್ರದ ಸಿಬಿರನ್ನು ಹೆರೆದು ತೆಗೆಯದಿದ್ದರೆ ಅಲ್ಲಿ ಮಸಿ ನಿಂತು ಗೆರೆ ಮಸುಕಾಗುತ್ತದೆ.

ಮುಖದ ಮಟ್ಟಿಗೆ ನಾನು ಗುರುವೆಂದು ಭಾವಿಸುವುದು ಹದಿನೇಳನೆಯ ಶತಮಾನದ ಫ್ರೆಂಚ್ ಕೊರೆತಗಾರ ರೊಬೇರ್ ನಾಂತೈ ಅವರನ್ನು. ಅವರ ಕೆಲಸದಲ್ಲಿ ಕೆನ್ನೆಯ ಬೆಳಕಿನ ಭಾಗಕ್ಕೆ ಚುಕ್ಕಿ ಮತ್ತು ಗಿಡ್ಡ ಗೀಟುಗಳಿದ್ದರೆ, ಕೂದಲಿಗೆ ಉದ್ದನೆಯ ಬಳುಕುಗೆರೆಗಳೂ ರೇಷ್ಮೆಗೆ ಮಡಿಕೆಯ ಜೊತೆಗೇ ಹೊರಳುವ ಗೆರೆಗಳೂ ಇವೆ. ದೊರೆ ಹದಿನಾಲ್ಕನೆಯ ಲೂಯಿ, ಅವನ ಮಂತ್ರಿಗಳಾದ ಮಜಾರಿನ್, ಕೋಲ್ಬೇರ್ ಮುಂತಾದವರನ್ನು ಅವರು ಕೊರೆದಾಗ ಅಂಡಾಕಾರದ ಚೌಕಟ್ಟು, ಬಿರುದು, ವಂಶಲಾಂಛನಗಳು ಅಂತಸ್ತನ್ನು ಸಾರುತ್ತವೆ. ಮುಖದಲ್ಲಿ ಮಾತ್ರ ಮನುಷ್ಯನೇ ಕಾಣಬೇಕೆಂಬ ಹಟ ಅವರಿಗಿತ್ತೆಂದು ನನಗನ್ನಿಸುತ್ತದೆ. ಎದುರು ಕುಳಿತವರನ್ನು ನೋಡಿ ತಾವೇ ಬರೆದು ಕೊರೆದದ್ದೆಂದು ಹಲವು ಅಚ್ಚುಗಳಲ್ಲಿ ಲ್ಯಾಟಿನ್‌ನಲ್ಲಿ ಅವರು ನಮೂದಿಸಿದ್ದಾರೆ. ಇನ್ನೊಬ್ಬರ ಚಿತ್ರವನ್ನು ನಕಲು ಮಾಡುವ ಕಸುಬಿನವನಲ್ಲ, ಕಲಾವಿದ ಎಂಬ ಹಕ್ಕೊತ್ತಾಯ ಅದರಲ್ಲಿದೆ. 1660ರಲ್ಲಿ ಫ್ರಾನ್ಸಿನ ಸಾಂ-ಜಾಂ-ದ-ಲೂಝ್ ಊರಿನಲ್ಲಿ ಹೊರಟ ರಾಜಾಜ್ಞೆಯು ಕೊರೆತವನ್ನು ಸ್ವತಂತ್ರ ಕಲೆಯೆಂದು ಒಪ್ಪಿಕೊಂಡಿತು.

ಆದ್ದರಿಂದ ಕೆನ್ನೆಯ ಅಡ್ಡಗೆರೆಗಳನ್ನು ಹೆರೆದು, ಒಪ್ಪ ಹಾಕಿ, ಚುಕ್ಕಿಗಳಿಂದ ಮತ್ತೆ ಕಟ್ಟಿ. ಪೇಟದ ಗೆರೆಗಳು ತಲೆಯ ದುಂಡನ್ನು ಸುತ್ತಿ ಹೋಗಲಿ. ಜರಿಯ ಹೊಳಪಿಗೆ ಏನನ್ನೂ ಕೊರೆಯದೆ ಕಾಗದದ ಬಿಳುಪನ್ನೇ ಬಿಟ್ಟು, ಪಕ್ಕದ ನೆರಳನ್ನು ಗಾಢ ಮಾಡಿ. ಮೊದಲು ಅಂಗೈಯಗಲದ ತುಂಡು ತಗಡಿನಲ್ಲಿ ಕೆನ್ನೆಯನ್ನೂ ಜರಿಯಂಚನ್ನೂ ಕೊರೆದು, ಅಚ್ಚು ತೆಗೆದು ಇಲ್ಲಿ ಹಾಕಿ. ನೋಡಿ ಮುಂದಿನದನ್ನು ಹೇಳುತ್ತೇನೆ.